ಸಣ್ಣ ಕ್ಲಬ್ ದೊಡ್ಡ ಲೀಗ್ ಗೆದ್ದಾಗ ನಾನು ಎಲ್ಲಿ ಕಾರಣ ಹುಡುಕುತ್ತೇನೆ

ಫುಟ್‌ಬಾಲ್ ಪಂದ್ಯಗಳ ವಿಡಿಯೊ ಹಾಕಿಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿ, ಟಿಪ್ಪಣಿ ಬರೆಯುವುದು ನನ್ನ ಕೆಲಸ. ಬರೆದದ್ದನ್ನು ಸಣ್ಣ ತಂಡಗಳ ಕೋಚ್‌ಗಳಿಗೆ ಕೊಡುತ್ತೇನೆ. ಅವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಇಂಗ್ಲೆಂಡಿನ ಲೆಸ್ಟರ್ ಸಿಟಿ ಕ್ಲಬ್ಬಿನ ಮಾತು ತೆಗೆಯುತ್ತಾರೆ. "ಅವರು ಹೇಗೆ ಗೆದ್ದರು ಅಂತ ಹೇಳಿ, ನಾವೂ ಹಾಗೇ ಮಾಡ್ತೀವಿ" ಅನ್ನುತ್ತಾರೆ.

ಇದಕ್ಕೆ ರೆಡಿಯಾಗಿರುವ ಉತ್ತರಗಳು ಎಲ್ಲರಿಗೂ ಗೊತ್ತು. ಒಗ್ಗಟ್ಟು, ಹಸಿವು, ಛಲ. ಯಾವುದೂ ಸುಳ್ಳಲ್ಲ. ಆದರೆ ಕೊನೆಯ ಸ್ಥಾನಕ್ಕೆ ಬಿದ್ದು ಕೆಳಗಿನ ಲೀಗ್‌ಗೆ ಇಳಿದ ತಂಡದಲ್ಲೂ ಒಗ್ಗಟ್ಟು ಇದ್ದಿರಬಹುದು, ಅಲ್ವಾ? ಗೆದ್ದವರ ಒಗ್ಗಟ್ಟು ಮಾತ್ರ ಪೇಪರ್‌ನಲ್ಲಿ ಬರುತ್ತದೆ. ಹಾಗಾಗಿ ನಾನು ಒಂದು ಕಟ್ಟುಪಾಡು ಹಾಕಿಕೊಂಡಿದ್ದೇನೆ. ಕಪ್ ಎತ್ತುವ ಮೊದಲೇ ಯಾರಾದರೂ ನೋಡಿ ಹೇಳಬಹುದಾಗಿದ್ದ ಸಂಗತಿಯನ್ನಷ್ಟೇ ಕಾರಣ ಅಂತ ಬರೆಯುತ್ತೇನೆ. ಕಪ್ ಎತ್ತಿದ ಮೇಲೆ ಹೊಳೆದದ್ದೆಲ್ಲ ಬೇರೆ ಹಾಳೆಗೆ ಹೋಗುತ್ತದೆ.

ಲೆಸ್ಟರ್ 2015-16ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದಿತು. ಸೀಸನ್ ಶುರುವಾಗುವಾಗ ಬೆಟ್ಟಿಂಗ್ ಕಂಪನಿಗಳು ಅವರಿಗೆ ಕೊಟ್ಟಿದ್ದ ದರ ಒಂದಕ್ಕೆ 5,000. ಅಂದರೆ ಯಾರೂ ಅವರನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಈ ಕಥೆ ಹೇಳುವವರೆಲ್ಲ ಆಗಸ್ಟ್ 2015ರಿಂದ ಶುರು ಮಾಡುತ್ತಾರೆ. ನಾನು ಅದೇ ವರ್ಷದ ಏಪ್ರಿಲ್‌ನಿಂದ ಶುರು ಮಾಡಿದೆ. ಹಿಂದಿನ ಸೀಸನ್ನಿನ ಮೊದಲ 29 ಪಂದ್ಯಗಳಲ್ಲಿ ಅವರಿಗೆ ಸಿಕ್ಕಿದ್ದು ಬರೀ 19 ಅಂಕ. ಆಮೇಲೆ ಉಳಿದ 9 ಪಂದ್ಯಗಳಲ್ಲಿ 7 ಗೆದ್ದರು, ಒಂದು ಡ್ರಾ ಮಾಡಿಕೊಂಡರು, ಚೆಲ್ಸಿ ಎದುರು ಒಂದು ಸೋತರು. ಆ 9 ಪಂದ್ಯಗಳ ಗಳಿಕೆ 22 ಅಂಕ. ಕೆಳಗಿಳಿಯಲಿದ್ದ ತಂಡ 14ನೇ ಸ್ಥಾನದಲ್ಲಿ ಮುಗಿಸಿತು.

ಅಂಕಪಟ್ಟಿಯಲ್ಲಿ ಬೇಸಿಗೆಯ ರಜೆ ಬಂದ ಕೂಡಲೇ ಎಲ್ಲ ಸೊನ್ನೆಯಾಗುತ್ತದೆ. ಆಟಗಾರರ ಕಾಲು, ತಲೆ, ಅಭ್ಯಾಸ ಸೊನ್ನೆಯಾಗುವುದಿಲ್ಲ. ಕೋಚ್ ನೈಜೆಲ್ ಪಿಯರ್ಸನ್ ಹೋಗಿ ಕ್ಲಾಡಿಯೊ ರಾನಿಯೇರಿ ಬಂದರು. ಹೊಸಬರು ಬಂದರೆ ಎಲ್ಲವನ್ನೂ ತಲೆಕೆಳಗು ಮಾಡುವುದು ರೂಢಿ. ಇವರು ಹಾಗೆ ಮಾಡಲಿಲ್ಲ. ಓಡುತ್ತಿದ್ದ ತಂಡವನ್ನು ಓಡಲು ಬಿಟ್ಟರು. ಇದನ್ನು ನಾನು ದೊಡ್ಡ ಕಾರಣ ಅಂತಲೇ ಬರೆದಿದ್ದೇನೆ. ಕೋಚ್ ಏನು ಮಾಡಿದರು ಅಂತ ನೋಡುವಷ್ಟೇ ಏನನ್ನು ಮುಟ್ಟಲಿಲ್ಲ ಅಂತಲೂ ನೋಡಬೇಕು.

ಮುಟ್ಟಿದ್ದೂ ಇದೆ, ಅದು ಗೋಲುಗಳ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಮೊದಲ 9 ಪಂದ್ಯಗಳ ಸ್ಕೋರನ್ನು ಒಂದು ಹಾಳೆಯಲ್ಲಿ ಕೂಡಿಸಿ ನೋಡಿ. ಲೆಸ್ಟರ್ ಹೊಡೆದದ್ದು 19 ಗೋಲು, ಬಿಟ್ಟುಕೊಟ್ಟದ್ದು 17. ಒಂದು ಪಂದ್ಯದಲ್ಲೂ ಎದುರಾಳಿಯನ್ನು ಸೊನ್ನೆಗೆ ನಿಲ್ಲಿಸಿರಲಿಲ್ಲ. ಇದು ಚಾಂಪಿಯನ್ ತಂಡದ ಲೆಕ್ಕ ಅಲ್ಲ, ಬಾಗಿಲು ತೆಗೆದಿಟ್ಟು ಮನೆ ಕಾಯುವವರ ಲೆಕ್ಕ. ಸೆಪ್ಟೆಂಬರ್ ಕೊನೆಯಲ್ಲಿ ಆರ್ಸೆನಲ್ ಬಂದು 5-2ರಿಂದ ಹೊಡೆದು ಹೋಯಿತು. ಮುಂದಿನ ಪಂದ್ಯಕ್ಕೆ ರಾನಿಯೇರಿ ಎರಡೂ ಫುಲ್ ಬ್ಯಾಕ್‌ಗಳನ್ನು, ಅಂದರೆ ಎಡ ಬಲ ಬದಿಯ ಡಿಫೆಂಡರ್‌ಗಳನ್ನು, ಬದಲಿಸಿದರು. ಡ್ಯಾನಿ ಸಿಂಪ್ಸನ್ ಮತ್ತು ಕ್ರಿಶ್ಚಿಯನ್ ಫುಕ್ಸ್ ಬಂದರು. ಒಂದು ಕ್ಲೀನ್ ಶೀಟ್ (ಗೋಲು ಬಿಟ್ಟುಕೊಡದ ಪಂದ್ಯ) ತಂದರೆ ಪಿಜ್ಜಾ ಕೊಡಿಸುತ್ತೇನೆ ಅಂತ ಕೋಚ್ ಹೇಳಿದ ಕಥೆ ಎಲ್ಲರ ಬಾಯಲ್ಲೂ ಇದೆ. ಅಕ್ಟೋಬರ್ 24ರಂದು ಕ್ರಿಸ್ಟಲ್ ಪ್ಯಾಲೇಸ್ ಎದುರು 1-0 ಆಯಿತು, ಪಿಜ್ಜಾ ಸಿಕ್ಕಿತು. ಪಿಜ್ಜಾ ಕಥೆ ಚೆನ್ನಾಗಿದೆ, ಆದರೆ ಕೆಲಸ ಮಾಡಿದ್ದು ಫುಲ್ ಬ್ಯಾಕ್‌ಗಳು. ಇಡೀ ಸೀಸನ್ನಿನಲ್ಲಿ ಲೆಸ್ಟರ್ ಬಿಟ್ಟುಕೊಟ್ಟದ್ದು 36 ಗೋಲು. ಮೊದಲ 9 ಪಂದ್ಯಗಳ 17 ಕಳೆದರೆ, ಉಳಿದ 29 ಪಂದ್ಯಗಳಲ್ಲಿ ಬರೀ 19.

ಈ ಬದಲಾವಣೆ ಹೇಗೆ ಕೆಲಸ ಮಾಡಿತು ಅಂತ ತಿಳಿಯಲು ನಾನು ಚೆಂಡನ್ನು ನೋಡುವುದು ಬಿಟ್ಟೆ. ಎದುರಾಳಿ ಚೆಂಡನ್ನು ಮೈದಾನದ ಒಂದು ಬದಿಯಿಂದ ಇನ್ನೊಂದು ಬದಿಗೆ ಕಳಿಸುವಾಗ ವಿಡಿಯೊ ನಿಲ್ಲಿಸುವುದು. ಆ ಕ್ಷಣದಲ್ಲಿ ಲೆಸ್ಟರ್‌ನವರು ಎಲ್ಲಿ ನಿಂತಿದ್ದಾರೆ ಅಂತ ಹಾಳೆಯ ಮೇಲೆ ಚುಕ್ಕಿ ಇಡುವುದು. ಟಿವಿಯ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುವುದರಿಂದ ಕೆಲವರು ಚೌಕಟ್ಟಿನ ಹೊರಗೆ ಉಳಿಯುತ್ತಾರೆ, ಅವರ ಜಾಗ ಖಾಲಿ ಬಿಡುತ್ತೇನೆ. ಚುಕ್ಕಿಗಳು ಮತ್ತೆ ಮತ್ತೆ ಒಂದೇ ಚಿತ್ರ ಕೊಟ್ಟವು. ನಾಲ್ಕು ನಾಲ್ಕು ಜನರ ಎರಡು ಸಾಲು. ಸಾಲುಗಳ ನಡುವೆ ಒಬ್ಬ ಆಟಗಾರ ಚೆಂಡು ತೆಗೆದುಕೊಂಡು ತಿರುಗುವಷ್ಟೂ ಜಾಗವಿಲ್ಲ. ಫುಲ್ ಬ್ಯಾಕ್‌ಗಳು ಗೆರೆಯ ಹತ್ತಿರ ಹೋಗದೆ ಒಳಗೇ ನಿಲ್ಲುತ್ತಾರೆ. ಅಂದರೆ ಬದಿಯನ್ನು ಬೇಕಂತಲೇ ಬಿಟ್ಟುಕೊಟ್ಟಿದ್ದಾರೆ. ಬದಿಯಿಂದ ಗೋಲಿನ ಮುಂದಕ್ಕೆ ಕ್ರಾಸ್ ಹಾಕ್ತೀರಾ, ಹಾಕಿ. ನಡುವೆ ವೆಸ್ ಮಾರ್ಗನ್ ಮತ್ತು ರಾಬರ್ಟ್ ಹುತ್ ಇದ್ದಾರೆ. ಇಬ್ಬರೂ ಓಟದಲ್ಲಿ ನಿಧಾನ. ಆದರೆ ಎತ್ತರದ ಚೆಂಡನ್ನು ತಲೆಯಿಂದ ಹೊಡೆದು ಹಾಕುವುದಕ್ಕೆ ಓಟ ಬೇಕಿಲ್ಲ. ಇಬ್ಬರ ಬೆನ್ನ ಹಿಂದೆ ಜಾಗವೇ ಇಲ್ಲದಂತೆ ನೋಡಿಕೊಂಡರೆ ನಿಧಾನದವರೂ ಒಳ್ಳೆಯ ಡಿಫೆಂಡರ್‌ಗಳೇ.

ಸಣ್ಣ ಕ್ಲಬ್‌ಗಳ ವಿಷಯದಲ್ಲಿ ನನಗೆ ತುಂಬಾ ಮುಖ್ಯ ಅನಿಸುವುದು ಇದೇ. ಎಲ್ಲದರಲ್ಲೂ ಚೆನ್ನಾಗಿರುವ ಆಟಗಾರ ದುಬಾರಿ. ಒಂದು ಕೆಲಸದಲ್ಲಿ ತುಂಬಾ ಚೆನ್ನಾಗಿದ್ದು, ಇನ್ನೊಂದರಲ್ಲಿ ಕಣ್ಣಿಗೆ ಹೊಡೆಯುವ ಕೊರತೆ ಇರುವವನು ಅಗ್ಗಕ್ಕೆ ಸಿಗುತ್ತಾನೆ. ಆ ಕೊರತೆ ಹೊರಗೆ ಬಾರದಂತೆ ಆಟವನ್ನು ಹೊಂದಿಸಿದರೆ ಕಡಿಮೆ ದುಡ್ಡಿಗೆ ದೊಡ್ಡ ಆಟಗಾರ ಸಿಕ್ಕಂತೆ. ರಿಯಾದ್ ಮಾರೆಜ್ ಫ್ರಾನ್ಸಿನ ಎರಡನೇ ಹಂತದ ಲೀಗ್‌ನಲ್ಲಿದ್ದ ಲೆ ಹಾವ್ರ್‌ನಿಂದ ಬಂದವರು, ಬೆಲೆ ಸುಮಾರು 4 ಲಕ್ಷ ಪೌಂಡ್. ಪ್ರೀಮಿಯರ್ ಲೀಗ್‌ನಲ್ಲಿ ಅದು ಚಿಲ್ಲರೆ ಕಾಸು. ಅವರು ಸಣಕಲು ಮೈಯವರು. ಜೇಮಿ ವಾರ್ಡಿ ಲೀಗ್ ವ್ಯವಸ್ಥೆಯ ಐದನೇ ಹಂತದಲ್ಲಿ ಆಡುತ್ತಿದ್ದ ಫ್ಲೀಟ್‌ವುಡ್ ಟೌನ್‌ನಿಂದ 2012ರಲ್ಲಿ ಬಂದವರು. ಎನ್‌ಗೊಲೊ ಕಾಂಟೆ ಕಾನ್ ಕ್ಲಬ್‌ನಿಂದ 2015ರ ಬೇಸಿಗೆಯಲ್ಲಿ ಬಂದರು. ಎತ್ತರ ಕಡಿಮೆ ಅನ್ನುವ ಮಾತು ಅವರ ಬೆನ್ನು ಬಿಟ್ಟಿರಲಿಲ್ಲ. ಆ ಸೀಸನ್ನಿನಲ್ಲಿ ವಾರ್ಡಿ 24 ಗೋಲು ಹೊಡೆದರು, ಮಾರೆಜ್ 17.

ಇವರನ್ನು ಜೋಡಿಸಿದ ಬಗೆ ನೋಡಬೇಕಾದರೆ ಫೆಬ್ರವರಿ 2016ರಲ್ಲಿ ಲಿವರ್‌ಪೂಲ್ ಎದುರು ವಾರ್ಡಿ ಹೊಡೆದ ಮೊದಲ ಗೋಲು ನೋಡಿ. ಮಾರೆಜ್ ತಮ್ಮ ಅರ್ಧದಲ್ಲೇ ನಿಂತು ಉದ್ದಕ್ಕೆ ಚೆಂಡು ಬಿಡುತ್ತಾರೆ. ಅದು ಒಂದು ಪುಟ ನೆಗೆಯುತ್ತದೆ. ವಾರ್ಡಿ ಅದನ್ನು ನೆಲಕ್ಕೆ ಇಳಿಸುವುದೇ ಇಲ್ಲ. ದೂರದಿಂದಲೇ ಬಾರಿಸುತ್ತಾರೆ, ಮುಂದೆ ಬಂದಿದ್ದ ಗೋಲ್‌ಕೀಪರ್ ತಲೆಯ ಮೇಲಿಂದ ಚೆಂಡು ಒಳಗೆ ಬೀಳುತ್ತದೆ. ಎಲ್ಲರೂ ಹೊಡೆತವನ್ನೇ ಮತ್ತೆ ಮತ್ತೆ ನೋಡುತ್ತಾರೆ. ನಾನು ಎಣಿಸಿದ್ದು ಪಾಸ್‌ಗಳನ್ನು. ತಮ್ಮ ಅರ್ಧದಿಂದ ಗೋಲಿನವರೆಗೆ ಒಂದೇ ಪಾಸ್. ಪಾಸ್ ಕಡಿಮೆಯಾದಷ್ಟೂ ನಡುವೆ ಕಳೆದುಕೊಳ್ಳುವ ಅವಕಾಶ ಕಡಿಮೆ. ಆ ಸೀಸನ್ನಿನಲ್ಲಿ ಲೆಸ್ಟರ್ ಪಂದ್ಯದ ಅರ್ಧಕ್ಕಿಂತ ಕಡಿಮೆ ಹೊತ್ತು ಚೆಂಡು ಇಟ್ಟುಕೊಂಡು ಲೀಗ್ ಗೆದ್ದಿತು. ನಾಲ್ಕು ದಿನ ಬಿಟ್ಟು ಮ್ಯಾಂಚೆಸ್ಟರ್ ಸಿಟಿಯನ್ನು ಅವರ ಮೈದಾನದಲ್ಲೇ 3-1ರಿಂದ ಸೋಲಿಸಿತು. ಅದರಲ್ಲಿ ಎರಡು ಗೋಲು ಸೆಂಟರ್ ಬ್ಯಾಕ್ (ನಡುವಿನ ಡಿಫೆಂಡರ್) ಹುತ್ ಅವರದ್ದು, ಒಂದು ಫ್ರೀ ಕಿಕ್‌ನಿಂದ, ಇನ್ನೊಂದು ಕಾರ್ನರ್‌ನಿಂದ.

ಕಾರ್ನರ್, ಫ್ರೀ ಕಿಕ್ ಥರದ ಸೆಟ್ ಪೀಸ್ ಬಗ್ಗೆ ಒಂದು ಮಾತು. ಬಡ ತಂಡಕ್ಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಚೆಂಡು ನಿಂತಿರುತ್ತದೆ, ಯಾರು ಎಲ್ಲಿ ಓಡಬೇಕು ಅಂತ ಮೊದಲೇ ಕಲಿಸಬಹುದು. ಡೆನ್ಮಾರ್ಕಿನ ಮಿಡ್ಟಿಲಂಡ್ 2015ರಲ್ಲಿ ತನ್ನ ಮೊದಲ ಲೀಗ್ ಗೆದ್ದದ್ದರಲ್ಲಿ ಇದರ ಪಾಲು ದೊಡ್ಡದು. ಹೀಗಿದ್ದೂ ನನ್ನ ಕೋಚ್‌ಗಳು ಕಾರ್ನರ್ ಅಭ್ಯಾಸವನ್ನು ಕೊನೆಯ ಐದು ನಿಮಿಷಕ್ಕೆ ತಳ್ಳುತ್ತಾರೆ, ಸುಮ್ನೆ ಮುಗಿಸಿದರೆ ಸಾಕು ಅನ್ನುವ ಹಾಗೆ.

ಇಷ್ಟು ಒಳಗಿನ ಕಾರಣಗಳು. ಹೊರಗೂ ನೋಡಬೇಕು. ಲೆಸ್ಟರ್ ಗೆದ್ದದ್ದು 81 ಅಂಕದಿಂದ. ಹಿಂದಿನ ಸೀಸನ್ನಿನಲ್ಲಿ ಚೆಲ್ಸಿ 87 ಅಂಕ ಗಳಿಸಿ ಗೆದ್ದಿತ್ತು, ಮುಂದಿನ ಸೀಸನ್ನಿನಲ್ಲಿ 93. ಅದೇ 81 ಅಂಕ ಮುಂದಿನ ವರ್ಷ ಮೂರನೇ ಸ್ಥಾನಕ್ಕಷ್ಟೇ ಸಾಕಾಗುತ್ತಿತ್ತು. ಲೆಸ್ಟರ್ ಗೆದ್ದದ್ದು ದೊಡ್ಡವರೆಲ್ಲ ಒಟ್ಟಿಗೇ ಎಡವಿದ ವರ್ಷ. ಚೆಲ್ಸಿ ಡಿಸೆಂಬರ್‌ನಲ್ಲಿ ಲೆಸ್ಟರ್ ಎದುರು ಸೋತ ಬೆನ್ನಿಗೇ ಕೋಚ್ ಜೋಸೆ ಮೌರಿನ್ಯೊ ಅವರನ್ನು ಕಳಿಸಿತು, ಕೊನೆಗೆ 10ನೇ ಸ್ಥಾನ. ಮ್ಯಾಂಚೆಸ್ಟರ್ ಸಿಟಿ ಮುಂದಿನ ವರ್ಷಕ್ಕೆ ಪೆಪ್ ಗ್ವಾರ್ಡಿಯೊಲಾ ಬರುತ್ತಾರೆ ಅಂತ ನಡು ಸೀಸನ್ನಿನಲ್ಲೇ ಹೇಳಿಬಿಟ್ಟಿತು. ಎರಡನೇ ಸ್ಥಾನದ ಆರ್ಸೆನಲ್‌ಗೆ ಸಿಕ್ಕಿದ್ದು 71 ಅಂಕ. ಇನ್ನು ಲೆಸ್ಟರ್‌ಗೆ ಯುರೋಪಿನ ಟೂರ್ನಿ ಇರಲಿಲ್ಲ. ಲೀಗ್ ಜೊತೆಗೇ ನಡೆಯುವ ಇಂಗ್ಲೆಂಡಿನ ಎರಡೂ ನಾಕೌಟ್ ಕಪ್‌ಗಳಿಂದ ಬೇಗ ಹೊರಬಿದ್ದರು. ಇಡೀ ಸೀಸನ್ನಿನಲ್ಲಿ ಒಟ್ಟು 43 ಪಂದ್ಯ ಅಷ್ಟೇ. ವಾರಪೂರ್ತಿ ವಿಶ್ರಾಂತಿ, ಗಾಯಗಳು ಕಡಿಮೆ, ವಾರ ವಾರವೂ ಹೆಚ್ಚೂಕಡಿಮೆ ಅದೇ ಹನ್ನೊಂದು ಜನ.

ಕಪ್ ಸೋಲುವುದನ್ನು ಕಾರಣ ಅಂತ ಬರೆದರೆ ಕೋಚ್‌ಗಳಿಗೆ ಕೋಪ ಬರುತ್ತದೆ. ಆದರೂ ಬರೆಯುತ್ತೇನೆ.

ಅದೃಷ್ಟಕ್ಕೂ ಒಂದು ಪುಟ ಇಡುತ್ತೇನೆ. ಫುಟ್‌ಬಾಲಿನಲ್ಲಿ ಗೋಲು ಅಪರೂಪ, ಪಂದ್ಯಕ್ಕೆ ಸರಾಸರಿ ಮೂರರ ಆಸುಪಾಸು. ಬ್ಯಾಸ್ಕೆಟ್‌ಬಾಲಿನಲ್ಲಿ ಬಲಶಾಲಿಗೆ ತನ್ನ ಬಲ ತೋರಿಸಲು ಹತ್ತಾರು ಅವಕಾಶ ಸಿಗುತ್ತವೆ. ಇಲ್ಲಿ ಒಂದು ಕಾರ್ನರ್, ಒಂದು ಪೆನಾಲ್ಟಿ ಪಂದ್ಯ ಮುಗಿಸುತ್ತದೆ. ಲೆಸ್ಟರ್ ಮಾರ್ಚ್‌ನಿಂದ ಏಪ್ರಿಲ್ ಮೊದಲ ವಾರದವರೆಗೆ ವ್ಯಾಟ್‌ಫರ್ಡ್, ನ್ಯೂಕ್ಯಾಸಲ್, ಕ್ರಿಸ್ಟಲ್ ಪ್ಯಾಲೇಸ್, ಸೌತಾಂಪ್ಟನ್ ಎಲ್ಲರನ್ನೂ ಸಾಲಾಗಿ 1-0ರಿಂದ ಸೋಲಿಸಿತು. ನಾಲ್ಕೂ ಪಂದ್ಯ ಕೂದಲೆಳೆಯ ಗೆಲುವು. ಅದರಲ್ಲಿ ಎರಡು ಡ್ರಾ ಆಗಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಆದರೆ ಪೂರ್ತಿ ಅದೃಷ್ಟ ಅಂತ ಹೇಳಲೂ ಆಗುವುದಿಲ್ಲ. ಆ ಹೊತ್ತಿಗೆ ಒಂದು ಗೋಲು ಹೊಡೆದು ಅದನ್ನು ಕಾಯುವ ತಂಡವಾಗಿ ಅವರು ಬದಲಾಗಿದ್ದರು. ಅದೃಷ್ಟ ಬಂದಾಗ ಕೈಗೆ ಸಿಗುವಷ್ಟು ಹತ್ತಿರ ನಿಂತಿದ್ದರು ಅಂತ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೇನೆ.

ನಮ್ಮ ದೇಶದ ಲೀಗ್‌ಗೂ ಇದೇ ಅಳತೆಗೋಲು ಹಿಡಿದು ನೋಡಿದೆ. ಮಿಜೋರಾಂನ ಐಜ್ವಾಲ್ ಎಫ್‌ಸಿ 2015-16ರಲ್ಲಿ, ಆಗ ದೇಶದ ಮೇಲಿನ ಲೀಗ್ ಆಗಿದ್ದ ಐ-ಲೀಗ್‌ನಿಂದ ಕೆಳಗಿಳಿದಿತ್ತು. ಗೋವಾದ ಕ್ಲಬ್‌ಗಳು ಹಿಂದೆ ಸರಿದದ್ದರಿಂದ ಮತ್ತೆ ಜಾಗ ಸಿಕ್ಕಿತು. ಆ ಅವಕಾಶದಲ್ಲಿ 2016-17ರ ಲೀಗನ್ನೇ ಗೆದ್ದಿತು. 18 ಪಂದ್ಯ, 37 ಅಂಕ. ಎರಡನೇ ಸ್ಥಾನದ ಮೋಹನ್ ಬಗಾನ್‌ಗೆ 36. ಕೋಚ್ ಖಾಲಿದ್ ಜಮೀಲ್ ಅದಕ್ಕೂ ಮುಂಚೆ ವರ್ಷಗಟ್ಟಲೆ ಮುಂಬೈ ಎಫ್‌ಸಿಯಲ್ಲಿ ಕಡಿಮೆ ಸಂಪನ್ಮೂಲ ಇಟ್ಟುಕೊಂಡು ತಂಡ ಉಳಿಸಿದವರು. ಬರುವಾಗ ಅಶುತೋಷ್ ಮೆಹ್ತಾ, ಜಯೇಶ್ ರಾಣೆ ಥರದ ತಮಗೆ ಗೊತ್ತಿದ್ದ ಆಟಗಾರರನ್ನು ಕರೆತಂದರು. ಅಂದರೆ ಅವರು ಸೊನ್ನೆಯಿಂದ ಶುರು ಮಾಡಬೇಕಾಗಿರಲಿಲ್ಲ. ಕೊನೆಯ ಪಂದ್ಯಕ್ಕೆ ಮುಂಚೆ ಬಗಾನ್ ಐಜ್ವಾಲ್‌ಗೆ ಬಂದು 1-0ರಿಂದ ಸೋತಿತು. ಆ ಗೋಲು ಸೆಂಟರ್ ಬ್ಯಾಕ್ ಜೊಹ್ಮಿಂಗ್‌ಲಿಯಾನಾ ರಾಲ್ಟೆ ಅವರ ತಲೆಯಿಂದ ಬಂತು. ಸಣ್ಣ ಕ್ಲಬ್‌ನ ದೊಡ್ಡ ಗೋಲು ಮತ್ತೆ ಸೆಂಟರ್ ಬ್ಯಾಕ್‌ನದ್ದೇ!

ಇಷ್ಟಾದ ಮೇಲೆ ಕೋಚ್‌ಗಳು ಹಿಂದೆ ನಿಂತು, ಚೆಂಡು ಸಿಕ್ಕ ಕೂಡಲೇ ಮುಂದಕ್ಕೆ ನುಗ್ಗಿ ಕೌಂಟರ್ ಹೊಡೆಯುವುದೇ ಸೂತ್ರ ಅಂತ ತಿಳಿದುಕೊಳ್ಳುತ್ತಾರೆ. ಆಗ ನಾನು ನಾರ್ವೆಯ ಬೋಡೊ/ಗ್ಲಿಂಟ್ ತೋರಿಸುತ್ತೇನೆ. ಆರ್ಕ್ಟಿಕ್ ವೃತ್ತದಾಚೆಗಿನ ಸಣ್ಣ ಊರಿನ ತಂಡ. 2017ರಲ್ಲಿ ಎರಡನೇ ಹಂತದಲ್ಲಿತ್ತು. 2019ರಲ್ಲಿ ಮೇಲಿನ ಲೀಗ್‌ನಲ್ಲಿ ಎರಡನೇ ಸ್ಥಾನ ಬಂತು, ಅಂದರೆ ಮುನ್ಸೂಚನೆ ಇಲ್ಲೂ ಇತ್ತು. 2020ರಲ್ಲಿ 30 ಪಂದ್ಯಗಳಲ್ಲಿ 103 ಗೋಲು ಹೊಡೆದು, ಒಂದೇ ಒಂದು ಪಂದ್ಯ ಸೋತು ಚಾಂಪಿಯನ್ ಆಯಿತು. ಲೆಸ್ಟರ್‌ಗೆ ಪೂರ್ತಿ ಉಲ್ಟಾ ಆಟ. ಕೋಚ್ ಶೆಟಿಲ್ ಕ್ನುಟ್ಸೆನ್ ಅವರ ತಂಡ ಮುಂದಕ್ಕೇ ಒತ್ತುತ್ತದೆ, ಚೆಂಡು ಕಳೆದುಕೊಂಡ ಜಾಗದಲ್ಲೇ ಕಿತ್ತುಕೊಳ್ಳಲು ಹೋಗುತ್ತದೆ. ಆಟಗಾರರ ಮನಸ್ಸು ಪಳಗಿಸಲು ಯುದ್ಧವಿಮಾನ ಹಾರಿಸುತ್ತಿದ್ದ ಪೈಲಟ್ ಬ್ಯೋರ್ನ್ ಮಾನ್ಸ್‌ವರ್ಕ್ ಅವರನ್ನು ಇಟ್ಟುಕೊಂಡಿದ್ದರು.

ಕೊನೆಗೆ ನಾನು ನೋಡುವುದು ಮುಂದಿನ ಸೀಸನ್. ಕಾರಣ ಯಾವುದು ಅನ್ನುವುದು ಅಲ್ಲಿ ಬಯಲಾಗುತ್ತದೆ. ಲೆಸ್ಟರ್‌ನಿಂದ ಕಾಂಟೆ ಚೆಲ್ಸಿಗೆ ಹೋದರು, ಆಟಗಾರರನ್ನು ಹುಡುಕುತ್ತಿದ್ದ ಸ್ಟೀವ್ ವಾಲ್ಶ್ ಎವರ್ಟನ್‌ಗೆ ಹೋದರು. ಯುರೋಪಿನ ಪಂದ್ಯಗಳು ಸೇರಿಕೊಂಡವು. ಲೀಗ್‌ನಲ್ಲಿ 63 ಗೋಲು ಬಿಟ್ಟುಕೊಟ್ಟು, 44 ಅಂಕದೊಂದಿಗೆ 12ನೇ ಸ್ಥಾನಕ್ಕೆ ಇಳಿದರು. ರಾನಿಯೇರಿ ಫೆಬ್ರವರಿಯಲ್ಲೇ ಕೆಲಸ ಕಳೆದುಕೊಂಡರು. ಕಾಂಟೆ ಮಾತ್ರ ಚೆಲ್ಸಿಯಲ್ಲಿ ಮತ್ತೆ ಲೀಗ್ ಗೆದ್ದರು. ಬೋಡೊದಿಂದಲೂ ಜನ ಹೋದರು. ಯೆನ್ಸ್ ಪೆಟರ್ ಹಾವ್ಗೆ ಮಿಲಾನ್‌ಗೆ, 27 ಗೋಲು ಹೊಡೆದಿದ್ದ ಕಾಸ್ಪರ್ ಯುಂಕರ್ ಜಪಾನಿನ ಉರಾವಾಕ್ಕೆ, ಫಿಲಿಪ್ ಸಿಂಕರ್ನಾಗೆಲ್ ವ್ಯಾಟ್‌ಫರ್ಡ್‌ಗೆ. 2021ರಲ್ಲಿ ಬೋಡೊ ಮತ್ತೆ ಗೆದ್ದಿತು. 2023ರಲ್ಲೂ, 2024ರಲ್ಲೂ. ಹಾಗಾಗಿ ಕೋಚ್‌ಗಳು ಲೆಸ್ಟರ್ ಕೇಳಿಕೊಂಡು ಬಂದರೂ, ಈಗೀಗ ಮೊದಲು ಬೋಡೊದ ಟಿಪ್ಪಣಿ ಕೈಗಿಡುತ್ತೇನೆ.