ಏಳು ಕೆಜಿ ಚೀಲ, ಎಂಟು ತಿಂಗಳ ತಿರುಗಾಟ

ಗದಗದಲ್ಲಿ ನಮ್ಮದು ಸಣ್ಣ ಕಿರಾಣಿ ಅಂಗಡಿ. ಮೊದಲ ಸಲ ಹೊರದೇಶ ಸುತ್ತಲು ಹೊರಟಾಗ ನನ್ನ ಚೀಲವನ್ನು ಅಂಗಡಿಯ ತಕ್ಕಡಿ ಮೇಲೆ ಇಟ್ಟೆ. 16 ಕೆಜಿ. ಅಪ್ಪ ಕನ್ನಡಕ ಏರಿಸಿ ನೋಡಿ, "ಜ್ವಾಳ ಹೊತ್ಕೊಂಡು ಸಂತಿಗೆ ಹೊಂಟಿಯೇನ್ ತಮ್ಮಾ?" ಎಂದರು. ನಾನು ಕೇಳಲಿಲ್ಲ. ವಿಯೆಟ್ನಾಂ ರಾಜಧಾನಿ ಹನೋಯ್‌ನ ಹಳೇ ಪೇಟೆಯಲ್ಲಿ ಮನೆಗಳು ಅಗಲ ಕಡಿಮೆ, ಎತ್ತರ ಜಾಸ್ತಿ. ನಾನು ಇಳಿದುಕೊಂಡ ಕಡೆ ಲಿಫ್ಟ್ ಇರಲಿಲ್ಲ, ಕೋಣೆ ಐದನೇ ಮಹಡಿಯಲ್ಲಿ. ಅಪ್ಪನ ಮಾತು ಪ್ರತಿ ಮೆಟ್ಟಿಲಿಗೂ ನೆನಪಾಯಿತು.

ಎರಡನೇ ಸಲ ಎಂಟು ತಿಂಗಳು ಹೋದೆ. ವಿಯೆಟ್ನಾಂ, ಥಾಯ್ಲೆಂಡ್, ಜಾರ್ಜಿಯಾ, ಟರ್ಕಿ, ಕೊನೆಗೆ ಪೆರು. ಚೀಲ ಆರೂವರೆ ಕೆಜಿ. ಗುರಿ ಏಳು ಕೆಜಿ ಯಾಕೆಂದರೆ, ಅಗ್ಗದ ವಿಮಾನಗಳಲ್ಲಿ ಬಹಳಷ್ಟು ಕಡೆ ಒಳಗೆ ಒಯ್ಯಲು ಬಿಡುವುದು ಅಷ್ಟೇ. ಅದಕ್ಕಿಂತ ಜಾಸ್ತಿಯಾದರೆ ಪ್ರತಿ ಸಲವೂ ದುಡ್ಡು ಕಟ್ಟಬೇಕು.

ಮೊದಲು ಎಲ್ಲ ಸಾಮಾನನ್ನೂ ನೆಲದ ಮೇಲೆ ಹರಡಿ. ಒಂದೊಂದನ್ನೇ ತೂಗಿ, ಗ್ರಾಂ ಲೆಕ್ಕ ಬರೆದುಕೊಳ್ಳಿ. ಅಡುಗೆಮನೆಯ ಸಣ್ಣ ತಕ್ಕಡಿ ಸಾಕು. ಬರೆಯುವಾಗ ನಿಮ್ಮ ಬಾಯಿಂದ "ಇರಲಿ" ಅಂತ ಬಂದ ಸಾಮಾನನ್ನು ಬೇರೆ ಗುಂಪಿಗೆ ಹಾಕಿ. "ಬೇಕು" ಅನ್ನುವುದು ಬೇರೆ, "ಇರಲಿ" ಅನ್ನುವುದು ಬೇರೆ. ನನ್ನ "ಇರಲಿ" ಗುಂಪು ಐದು ಕೆಜಿ ದಾಟಿತ್ತು. ಎರಡನೇ ಜೀನ್ಸ್, ಮೂರು ಪುಸ್ತಕ, ಛತ್ರಿ, ಒಂದು ಇಸ್ತ್ರಿ ಮಾಡಿದ ಶರ್ಟು. ಯಾರ ಮದುವೆಗೆ ಹೊರಟಿದ್ದೆನೋ!

ಚೀಲ 35ರಿಂದ 40 ಲೀಟರ್‌ನದು ಸಾಕು. ಸೊಂಟಕ್ಕೆ ಕಟ್ಟುವ ಪಟ್ಟಿ ಇರಲೇಬೇಕು, ಭಾರ ಭುಜದಿಂದ ಸೊಂಟಕ್ಕೆ ಇಳಿಯುತ್ತದೆ. ಖಾಲಿ ಚೀಲವನ್ನೂ ತೂಗಿ ನೋಡಿ. ನನ್ನದು 1.2 ಕೆಜಿ. ಎರಡೂವರೆ ಕೆಜಿ ತೂಗುವ ಚೀಲಗಳೂ ಇವೆ, ಅವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಅರಿವಿ ವಿಚಾರಕ್ಕೆ ಬರೋಣ, ಎಲ್ಲರೂ ತಪ್ಪು ಮಾಡುವುದು ಇಲ್ಲೇ. ಎಂಟು ತಿಂಗಳಿಗೆ ಬೇಕಾದದ್ದೂ ಒಂದು ವಾರಕ್ಕೆ ಬೇಕಾದಷ್ಟೇ. ಮೈಮೇಲಿನದು ಬಿಟ್ಟು ಮೂರು ಟೀ ಶರ್ಟು, ಒಂದು ತೆಳು ಪ್ಯಾಂಟು, ಒಂದು ಚಡ್ಡಿ, ನಾಲ್ಕು ಜೊತೆ ಒಳಉಡುಪು, ಮೂರು ಜೊತೆ ಸಾಕ್ಸು. ಚಳಿಗೆ ಮೈಗೆ ಅಂಟುವ ಒಂದು ಥರ್ಮಲ್ ಒಳಂಗಿ, ಉಣ್ಣೆಯಂಥ ಹಗುರ ಬಟ್ಟೆಯ ಒಂದು ತೆಳು ಫ್ಲೀಸ್ ಅಂಗಿ, ಮೇಲೆ ಮಳೆ ಜಾಕೆಟ್. ಒಂದು ದಪ್ಪ ಕೋಟಿನ ಬದಲು ಈ ಮೂರು ಪದರ ಒಳ್ಳೆಯದು, ಬೇಕಾದಾಗ ಒಂದೊಂದೇ ಬಿಚ್ಚಬಹುದು. ಪೆರುವಿನ ಕುಸ್ಕೊ ಊರು 3,400 ಮೀಟರ್ ಎತ್ತರದಲ್ಲಿದೆ. ಜೂನ್ ಅಲ್ಲಿ ಚಳಿಗಾಲ, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಅಲ್ಲಿನ ಪೇಟೆಯಲ್ಲೇ ಒಂದು ಉಣ್ಣೆ ಸ್ವೆಟರ್ ಕೊಂಡೆ, ಹೊರಡುವಾಗ ನಾನು ಇಳಿದುಕೊಂಡಿದ್ದ ಪ್ರವಾಸಿಗರ ಹಾಸ್ಟೆಲ್ಲಿನ ಹುಡುಗನಿಗೆ ಕೊಟ್ಟೆ. ಹತ್ತು ದಿನದ ಚಳಿಗಾಗಿ ಏಳು ತಿಂಗಳು ಸ್ವೆಟರ್ ಹೊರುವುದು ಯಾಕೆ?

ಜೀನ್ಸ್ ಬೇಡ. ತೂಕ ಜಾಸ್ತಿ, ಒಣಗುವುದಿಲ್ಲ. ಒಗೆದದ್ದು ಬೆಳಗಾಗುವುದರೊಳಗೆ ಒಣಗಿದರೆ ಮಾತ್ರ ಇಷ್ಟು ಕಡಿಮೆ ಅರಿವಿಯಲ್ಲಿ ನಡೆಯುತ್ತದೆ. ಒಣಗಿಸಲು ಒಂದು ಉಪಾಯ ಇದೆ. ಒಗೆದ ಶರ್ಟನ್ನು ಹಿಂಡಿ, ಒಣ ಟವೆಲ್ ಮೇಲೆ ಹಾಸಿ, ಎರಡನ್ನೂ ಸೇರಿಸಿ ಸುರುಳಿ ಸುತ್ತಿ, ಅದರ ಮೇಲೆ ಹತ್ತಿ ತುಳಿಯಿರಿ. ನೀರೆಲ್ಲ ಟವೆಲ್ಲಿಗೆ ಹೋಗುತ್ತದೆ. ಇದಕ್ಕೆ ದಪ್ಪ ಟರ್ಕಿ ಟವೆಲ್ ಬೇಡ. ನಾನು ಬೆಟಗೇರಿಯಲ್ಲಿ ಕೊಂಡ ತೆಳು ಹತ್ತಿ ಟವೆಲ್ ಒಯ್ದಿದ್ದೆ. ಹಾಗೆಯೇ ಒಂದು ಲುಂಗಿ. ಹೊದ್ದುಕೊಂಡೆ, ಬಸ್ಸಿನಲ್ಲಿ ದಿಂಬು ಮಾಡಿಕೊಂಡೆ, ಹಾಸ್ಟೆಲ್ಲಿನ ಕೆಳಗಿನ ಮಂಚಕ್ಕೆ ಪರದೆ ಕಟ್ಟಿದೆ. ಒಮ್ಮೊಮ್ಮೆ ಉಟ್ಟೆ ಕೂಡ.

ಬೂಟು ಒಂದೇ ಜೊತೆ, ಅದು ಕಾಲಲ್ಲೇ ಇರಲಿ. ಚೀಲದಲ್ಲಿ ಚಪ್ಪಲಿ.

ಸೋಪು ಗಟ್ಟಿಯದೇ ಒಯ್ಯಿರಿ. ದ್ರವ ಆದರೆ 100 ಮಿಲಿ ಮೀರಿದ ಬಾಟಲಿಯನ್ನು ವಿಮಾನದೊಳಗೆ ಬಿಡುವುದಿಲ್ಲ. ಮಾತ್ರೆಗಳನ್ನು ಅವುಗಳದೇ ಸ್ಟ್ರಿಪ್‌ನಲ್ಲಿ, ವೈದ್ಯರ ಚೀಟಿ ಜೊತೆ ಇಡಿ. ಪವರ್ ಬ್ಯಾಂಕ್ ಚೆಕ್-ಇನ್ ಚೀಲದಲ್ಲಿ ಹಾಕುವಂತಿಲ್ಲ, ಕೈಯಲ್ಲೇ ಒಯ್ಯಬೇಕು. ಅದು ಹಿಡಿಯುವ ವಿದ್ಯುತ್ 100 ವ್ಯಾಟ್ ಅವರ್ ತನಕ ಇದ್ದರೆ ತೊಂದರೆ ಇಲ್ಲ. ಮೇಲೆ 20,000 ಎಂಎಎಚ್ ಅಂತ ಬರೆದಿರುವುದು ಸುಮಾರು 74 ವ್ಯಾಟ್ ಅವರ್ ಆಗುತ್ತದೆ. ಆದರೆ 10,000ದ್ದು ಸಾಕು, ತೂಕ ಹೆಚ್ಚುಕಡಿಮೆ ಅರ್ಧ.

ತೂಕವೇ ಇಲ್ಲದ ಒಂದು ಕಾಗದ ಮರೆಯಬೇಡಿ. ಪೆರು, ಕೀನ್ಯಾದಂಥ ದೇಶಗಳಿಂದ ಆರು ದಿನದೊಳಗೆ ಭಾರತಕ್ಕೆ ಬಂದರೆ ಹಳದಿ ಜ್ವರದ ಲಸಿಕೆ ಪತ್ರ ಕೇಳುತ್ತಾರೆ. ಇಲ್ಲದಿದ್ದರೆ ನಿಮ್ಮನ್ನು ಪ್ರತ್ಯೇಕ (ಕ್ವಾರಂಟೈನ್) ಇಡಬಹುದು. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲೇ ಆ ಪತ್ರ ನಡೆಯುವುದು. ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡಿ.

ಇನ್ನು ಅವ್ವನ ವಿಚಾರ. ಇದು ಕಷ್ಟದ ಭಾಗ. ಅವ್ವ ಎರಡು ಕೆಜಿ ಶೇಂಗಾ ಹಿಂಡಿ, ಒಂದು ಗಂಟು ಕಡಕ್ ರೊಟ್ಟಿ, ಮೇಲೆ ಪೇಡೆ ಡಬ್ಬಿ ತಂದಿಟ್ಟಳು. "ಇರ್ಲಿ ಬಿಡೋ, ಅಲ್ಲೇನ್ ಉಣ್ತಿ?" ಕೊನೆಗೆ 200 ಗ್ರಾಂ ಹಿಂಡಿಗೆ ಒಪ್ಪಂದವಾಯಿತು. ಖಾರದ ಪುಡಿಯನ್ನು ಕೈಚೀಲದಲ್ಲಿ ತಡೆಯುತ್ತಾರೆ. ಹಾಗಾಗಿ ಮೊದಲ ವಿಮಾನಕ್ಕೆ ಮಾತ್ರ ಚೀಲವನ್ನು ಚೆಕ್-ಇನ್‌ಗೆ ಕೊಟ್ಟೆ. ವಿಯೆಟ್ನಾಂ ಬಿಡುವುದರೊಳಗೆ ಹಿಂಡಿ ಮುಗಿದಿತ್ತು. ಒಣಕೊಬ್ಬರಿ ಚೆಕ್-ಇನ್‌ಗೂ ಬೇಡ. ಎಣ್ಣೆ ಜಾಸ್ತಿ, ಬೇಗ ಬೆಂಕಿ ಹತ್ತುತ್ತದೆ ಅಂತ ತೆಗೆಸುತ್ತಾರೆ. ದುಬೈ, ಸಿಂಗಪುರ ದಾರಿಯಾದರೆ ಗಸಗಸೆಯ ಒಂದು ಕಾಳೂ ಚೀಲದಲ್ಲಿ ಇರಬಾರದು. ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕಕ್ಕೆ ಹೋಗುತ್ತದೆ. ಅವ್ವನಿಗೆ ಇದನ್ನು ಹೇಳಿದಾಗ ನಂಬಲೇ ಇಲ್ಲ.

ಹೊರಡುವ ಒಂದು ವಾರ ಮೊದಲು ಚೀಲ ಪೂರ್ತಿ ತುಂಬಿ ಹೊತ್ತು ನೋಡಿ. ಮನೆಯೊಳಗೆ ಎರಡು ಸುತ್ತು ಹಾಕಿದರೆ ಏನೂ ತಿಳಿಯುವುದಿಲ್ಲ. ನಾನು ಹುಬ್ಬಳ್ಳಿ ಸ್ಟೇಷನ್ನಿಗೆ ಹೋದೆ. ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಅಲ್ಲಿದೆ, 1,507 ಮೀಟರ್. ಒಮ್ಮೆ ಹೋಗಿ ಬಂದರೆ ಮೂರು ಕಿಲೋಮೀಟರ್. ಯಾವ ಪಟ್ಟಿ ಒತ್ತುತ್ತದೆ, ಬೂಟು ಎಲ್ಲಿ ಕಚ್ಚುತ್ತದೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ನಾನು ಮೊದಲ ಸುತ್ತು ಮುಗಿಸಿ, ಬೆಂಚಿನ ಮೇಲೆ ಕೂತು ಚೀಲದಿಂದ ಒಂದು ಕೆಜಿ ತೆಗೆದು ಕೈಚೀಲಕ್ಕೆ ಹಾಕಿ, ಜೊತೆಗೆ ಬಂದಿದ್ದ ತಮ್ಮನಿಗೆ ಕೊಟ್ಟೆ. ಪ್ಲಾಟ್‌ಫಾರ್ಮ್ ಟಿಕೆಟ್ ಎರಡು ತಾಸು ನಡೆಯುತ್ತದೆ. ಎರಡನೇ ಸುತ್ತಿಗೂ ಸಮಯ ಇರುತ್ತದೆ.