ಗಿಬ್ ರಿವರ್ ರಸ್ತೆ: ಮೊದಲು ಟೈರು, ಆಮೇಲೆ ಮೊಸಳೆ

ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿಯಲ್ಲಿ, ಡರ್ಬಿಯಿಂದ ಕುನುನರಾ ಕಡೆಗೆ ಹೋಗುವ ಗಿಬ್ ರಿವರ್ ರಸ್ತೆ ಸುಮಾರು 660 ಕಿ.ಮೀ. ಸ್ಟೇಷನ್‌ಗಳ, ಅಂದರೆ ಇಲ್ಲಿನ ಭಾರೀ ದನದ ಫಾರ್ಮ್‌ಗಳ, ದನ ಸಾಗಿಸಲೆಂದು ಮಾಡಿದ ದಾರಿ, ಬಹುಪಾಲು ಇಂದಿಗೂ ಜಲ್ಲಿಮಣ್ಣು. ಮೇಯಿಂದ ಅಕ್ಟೋಬರ್‌ವರೆಗಿನ ಒಣಗಾಲದಲ್ಲಷ್ಟೇ ಹೋಗಿ. ಹೊರಡುವ ಬೆಳಿಗ್ಗೆಯೂ ಮೇನ್ ರೋಡ್ಸ್ ಇಲಾಖೆಯ ರಸ್ತೆ ವರದಿ ನೋಡಿ.

ಎಲ್ಲರೂ ಮೊಸಳೆಗೆ ಹೆದರುತ್ತಾರೆ, ಪ್ರವಾಸ ಕೆಡಿಸುವುದು ಟೈರು. ತೆಳು ಹೈವೇ ಟೈರು ಇಲ್ಲಿ ತಾಳುವುದಿಲ್ಲ. ‘ಎಲ್‌ಟಿ’ (ಲೈಟ್ ಟ್ರಕ್) ಗುರುತಿನ ಆಲ್-ಟೆರೇನ್ ಟೈರು ಹಾಕಿಸಿ, ಸ್ಟೆಪ್ನಿ ಎರಡಿರಲಿ. ಪಂಕ್ಚರ್ ಕಿಟ್, 12 ವೋಲ್ಟ್ ಕಂಪ್ರೆಸರ್ ಬೇಕೇಬೇಕು. ಟಾರು ಮುಗಿದಲ್ಲಿ ನಿಲ್ಲಿಸಿ, 38ರಷ್ಟಿದ್ದ ಗಾಳಿಯನ್ನು 28 ಪಿಎಸ್‌ಐಗೆ ಇಳಿಸಿ. ಬಿಗಿ ಟೈರನ್ನು ಚೂಪುಗಲ್ಲು ಕೊಯ್ಯುತ್ತದೆ, ಗಾಳಿ ಇಳಿಸಿದ್ದು ಕಲ್ಲಿನ ಮೇಲೆ ಬಾಗಿ ದಾಟುತ್ತದೆ. ಆದರೆ ಆ ಗಾಳಿಯಲ್ಲೇ 100ರ ವೇಗಕ್ಕೆ ಹೋದರೆ ಟೈರಿನ ಪಕ್ಕೆ ಮಡಚಿ ಮಡಚಿ ಕಾದು ಸೀಳುತ್ತದೆ. 70–80 ಸಾಕು. ಒಂದು ಗಂಟೆ ಓಡಿಸಿ ಗೇಜ್ ಹಿಡಿಯಿರಿ: ಟೈರು ತಣ್ಣಗಿದ್ದಾಗಿನ ಅಳತೆಗಿಂತ 6 ಪಿಎಸ್‌ಐ ಮೀರಿ ಏರಿದ್ದರೆ ಗಾಳಿ ಸಾಲದು, ಇಲ್ಲವೇ ವೇಗ ಹೆಚ್ಚಾಯಿತು. ಏರಿದೆಯಲ್ಲಾ ಎಂದು ಬಿಸಿಯಲ್ಲೇ ಗಾಳಿ ಬಿಟ್ಟರೆ ಇನ್ನಷ್ಟು ಕಾಯುತ್ತದೆ.

ರಸ್ತೆಗೆ ಅಡ್ಡಡ್ಡ ಅಲೆಯಂತೆ ಎದ್ದ ಏಣುಗಳು ಶಾಕ್ ಅಬ್ಸಾರ್ಬರ್ ಕಾಯಿಸಿ ಎಣ್ಣೆ ಸೋರಿಸುತ್ತವೆ, ಭಾರ ಹೇರಿದ ರೂಫ್ ರ್ಯಾಕ್ ಬಿರುಕು ಬಿಡುತ್ತದೆ. ದಿನಾ ಸಂಜೆ ಚಕ್ರದ ನಟ್ಟು, ಬ್ಯಾಟರಿ ಕ್ಲ್ಯಾಂಪು, ರ್ಯಾಕಿನ ಬೋಲ್ಟು ನೋಡಿ. ಪೇಯದ ಅಲ್ಯೂಮಿನಿಯಂ ಡಬ್ಬಿಗಳು ಒಂದಕ್ಕೊಂದು ಉಜ್ಜಿ ತೂತಾಗುತ್ತವೆ. ನಡುವೆ ಟವೆಲ್ ತುರುಕಿ. ಫ್ರಿಜ್ ಕೈಕೊಟ್ಟರೂ ಕೆಡದಂಥ ಅವಲಕ್ಕಿ, ಪುಳಿಯೋಗರೆ ಗೊಜ್ಜು ಇರಲಿ. ಡಾರ್ವಿನ್ ಕಡೆಯಿಂದ ಬರುವವರು ಹಸಿ ತರಕಾರಿ, ಹಣ್ಣು, ಜೇನು ತರಬೇಡಿ. ರಾಜ್ಯದ ಗಡಿ ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ, ಕುನುನರಾದಲ್ಲೇ ಕೊಳ್ಳಿ.

ಡರ್ಬಿ ಬಿಟ್ಟರೆ ಡೀಸೆಲ್ ಸಿಗುವ ಮೌಂಟ್ ಬಾರ್ನೆಟ್ ರೋಡ್‌ಹೌಸ್ ಸುಮಾರು 300 ಕಿ.ಮೀ., ಅಲ್ಲಿಂದ ಕುನುನರಾಕ್ಕೆ ಇನ್ನೊಂದು 400. ದಾರಿ ಬಿಟ್ಟು ಒಳಗಿರುವ ಬೆಲ್ ಗಾರ್ಜ್ ಕಮರಿ ಒಂದಕ್ಕೇ ಹೋಗಿಬರಲು 60 ಸೇರುತ್ತದೆ. ಜಲ್ಲಿಯಲ್ಲಿ ಡೀಸೆಲ್ ಹೆಚ್ಚು ಕುಡಿಯುವುದರಿಂದ 20 ಲೀಟರ್ ಕ್ಯಾನ್ ಜೊತೆಗಿರಲಿ. ನೀರು ತಲೆಗೆ ದಿನಕ್ಕೆ 7 ಲೀಟರ್, ಎರಡು ಮೂರು ದಿನಕ್ಕೆ ಹೆಚ್ಚುವರಿ. ದಾರಿಯುದ್ದಕ್ಕೂ ಮೊಬೈಲ್ ನಂಬಬೇಡಿ. ಸ್ಯಾಟಲೈಟ್ ಫೋನ್ ಅಥವಾ ಉಪಗ್ರಹದ ಮೂಲಕ ಅಪಾಯದ ಸೂಚನೆ ಕಳಿಸುವ ತುರ್ತು ಬೀಕನ್ ಬೇಕು. ಯುಎಚ್‌ಎಫ್ ರೇಡಿಯೊ 40ನೇ ಚಾನೆಲ್‌ನಲ್ಲಿರಲಿ, ರೋಡ್‌ಟ್ರೇನ್ (ಹಲವು ಟ್ರೇಲರ್ ಎಳೆಯುವ ಉದ್ದನೆಯ ಲಾರಿ) ಚಾಲಕರು ಮಾತಾಡುವುದು ಅದರಲ್ಲೇ.

ರಸ್ತೆ ನೀರೊಳಗೇ ಹಾಯುವ ಪೆಂಟೆಕೋಸ್ಟ್ ನದಿಯಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಆಳ ನೋಡಲೆಂದು ಇಳಿಯಲೇಬೇಡಿ. ಬೇರೆ ಗಾಡಿ ದಾಟುವುದನ್ನು ನೋಡಿ. ದಡದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ. ಕಾದ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರು ಡಬ್ಬಿ) ತಟ್ಟನೆ ತಣ್ಣಗಾದರೆ ಸೀಲಿನಿಂದ ನೀರೆಳೆದುಕೊಳ್ಳುತ್ತದೆ, ಅದು ಗಾಳಿಯಾಡುವ ಬ್ರೀದರ್ ಪೈಪನ್ನು ಮೊದಲೇ ಮೇಲಕ್ಕೆ ಎತ್ತಿಸಿಡಿ. ಫೋರ್-ವೀಲ್ ಡ್ರೈವ್‌ನ ಲೋ ರೇಂಜ್, ಎರಡನೇ ಗೇರು, ನಡಿಗೆಯ ವೇಗ. ನಡುವೆ ಕ್ಲಚ್ ಒತ್ತಬೇಡಿ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡುವ ಗೋಜು ಬೇಡ: ಒಳಹೊಕ್ಕ ನೀರು ಕನೆಕ್ಟಿಂಗ್ ರಾಡ್ ಬಗ್ಗಿಸುತ್ತದೆ. ದಾಟಿದ ಮೇಲೆ ಬ್ರೇಕನ್ನು ನಾಲ್ಕಾರು ಸಲ ಮೆಲ್ಲಗೆ ಒತ್ತಿ ಒಣಗಿಸಿ. ಬಾಡಿಗೆ ಗಾಡಿಯಾದರೆ ಕರಾರು ಓದಿ, ನೀರಿನಿಂದಾದ ಹಾನಿಗೆ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ.

ದನದ ಸ್ಟೇಷನ್‌ಗಳ ಜಮೀನಿನಲ್ಲಿ ಕೇಳದೆ ಡೇರೆ ಹಾಕುವಂತಿಲ್ಲ. ತೆರೆದಿದ್ದ ಗೇಟು ತೆರೆದೇ ಇರಲಿ, ಮುಚ್ಚಿದ್ದನ್ನು ಮುಚ್ಚಿಯೇ ಹೋಗಿ. ದಾರಿಯಲ್ಲಿ ಸಿಗುವ ಎಲೆನ್‌ಬ್ರೇ ಸ್ಟೇಷನ್‌ನಲ್ಲಿ ಸ್ಕೋನ್ (ಬನ್ನಿನಂಥ ತಿಂಡಿ) ತಿನ್ನದೆ ಮುಂದೆ ಹೋಗಬೇಡಿ. ಜೂನ್–ಜುಲೈನಲ್ಲಿ ಐದು, ಐದೂವರೆಗೆಲ್ಲ ಸೂರ್ಯ ಮುಳುಗುತ್ತದೆ. ನಾಲ್ಕಕ್ಕೇ ಕ್ಯಾಂಪ್ ಸೇರಿ, ಬೇಲಿಯಿಲ್ಲದ ಕಡೆ ದನಗಳು ಕತ್ತಲಲ್ಲಿ ರಸ್ತೆ ಮೇಲೇ ನಿಂತಿರುತ್ತವೆ.