ಕಪ್ಪು ಕಾಳು ಎಣಿಸುವ ಲೂಪ್: ಜಿಸಿಸಿ ಮತ್ತು ಕ್ಲ್ಯಾಂಗ್ ಜೊತೆ ನನ್ನ ಅನುಭವ

ದಾವಣಗೆರೆಯ ಎಪಿಎಂಸಿ ಯಾರ್ಡಿಗೆ ಬರುವ ಮೆಕ್ಕೆಜೋಳದಲ್ಲಿ ಕಪ್ಪು ಹಿಡಿದ ಕಾಳು ಎಷ್ಟಿದೆ ಎಂದು ಕ್ಯಾಮೆರಾದಿಂದ ನೋಡಿ ಹೇಳುವ ಒಂದು ಸಣ್ಣ ಯಂತ್ರಕ್ಕೆ ನಾನು ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತೇನೆ. ಕಾಳು ಬೆಲ್ಟ್ ಮೇಲೆ ಓಡುತ್ತಲೇ ಇರುತ್ತದೆ. ಒಂದು ಫೋಟೋದ ಲೆಕ್ಕ ಮುಗಿಯುವುದರೊಳಗೆ ಮುಂದಿನದು ಬಂದು ಕೂತಿರುತ್ತದೆ. ಜಾಸ್ತಿ ಹೊತ್ತು ಹಿಡಿಯುತ್ತಿದ್ದುದು ಒಂದೇ ಲೂಪ್, ಅಂದರೆ ಮತ್ತೆ ಮತ್ತೆ ಓಡುವ ಕೋಡಿನ ತುಂಡು: ಪ್ರತಿ ಪಿಕ್ಸೆಲ್ ನೋಡು, ಮಿತಿಗಿಂತ ಕಪ್ಪಾಗಿದ್ದರೆ ಎಣಿಕೆಗೆ ಒಂದು ಕೂಡಿಸು.

ಸಿ ಕೋಡನ್ನು ಯಂತ್ರದ ಸೂಚನೆಗಳಾಗಿ ಮಾಡಿಕೊಡುವುದು ಕಂಪೈಲರ್. ನಾವು ಬಳಸುತ್ತಿದ್ದ ಕಂಪೈಲರ್ ಜಿಸಿಸಿ. ಜೊತೆಗೆ ಕೆಲಸ ಮಾಡುವ ಹುಡುಗ ಆ ಲೂಪನ್ನು ಬೇರೆ ಫೈಲಿಗೆ ಹಾಕಿ ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್‌ನಲ್ಲೂ ಕಂಪೈಲ್ ಮಾಡಿದ. ಎರಡಕ್ಕೂ ಓ2, ಅಂದರೆ ಕೋಡನ್ನು ಎಷ್ಟು ಚುರುಕು ಮಾಡಬೇಕು ಎಂದು ಹೇಳುವ ಮಟ್ಟ. ಕ್ಲ್ಯಾಂಗ್‌ನದು ಎದ್ದು ಕಾಣುವಷ್ಟು ಬೇಗ ಮುಗಿಯಿತು. "ಸರ್, ಇದಕ್ಕೇ ಬದಲಾಯಿಸಿಬಿಡೋಣ ಅಲ್ವಾ?" ಎಂದ. ಬರೀ ಟೈಮ್ ನೋಡಿ ತೀರ್ಮಾನ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಇಬ್ಬರೂ ಕೂತು ಆಬ್ಜ್‌ಡಂಪ್ ಎಂಬ ಸಾಧನ ಹಾಕಿ ಅಸೆಂಬ್ಲಿ, ಅಂದರೆ ಕಂಪೈಲರ್ ಕೊಟ್ಟ ಯಂತ್ರದ ಸೂಚನೆಗಳನ್ನು ಓದಿದೆವು.

ಕಾರಣ ಅಲ್ಲೇ ಸಿಕ್ಕಿತು. ಕ್ಲ್ಯಾಂಗ್ ಓ2ನಲ್ಲೇ ಲೂಪನ್ನು ವೆಕ್ಟರ್ ಮಾಡುತ್ತದೆ, ಅಂದರೆ ಒಂದೇ ಸೂಚನೆಯಲ್ಲಿ ಹಲವು ಪಿಕ್ಸೆಲ್ ನೋಡುತ್ತದೆ. ಜಿಸಿಸಿಗೆ ಓ2ನಲ್ಲಿ ಈ ಗುಣ ಬಂದದ್ದು 2022ರ 12ನೇ ಆವೃತ್ತಿಯಲ್ಲಿ. ಆಗಲೂ ತುಂಬಾ ಕಟ್ಟುನಿಟ್ಟು: ಗುಂಪಿಗೆ ಸೇರದೆ ಉಳಿದ ಪಿಕ್ಸೆಲ್‌ಗಳಿಗೆ ಬಾಲದಲ್ಲಿ ಬಿಡಿ ಲೂಪ್ ಬೇಕಾಗುವ ಹಾಗಿದ್ದರೆ ಅದು ಕೈ ಹಾಕುತ್ತಿರಲಿಲ್ಲ. ನಮ್ಮ ಪಿಕ್ಸೆಲ್ ಸಂಖ್ಯೆ ಓಡುವಾಗ ಮಾತ್ರ ಗೊತ್ತಾಗುವಂಥದ್ದು. ಹಾಗಾಗಿ ಜಿಸಿಸಿ ಒಂದೊಂದೇ ಪಿಕ್ಸೆಲ್ ನೋಡುತ್ತಿತ್ತು. ಇನ್ನೂ ಮೇಲಿನ ಮಟ್ಟವಾದ ಓ3 ಕೊಟ್ಟ ಮೇಲೆ ಎರಡೂ ಹತ್ತಿರ ಹತ್ತಿರ ಬಂದವು. ಓ2 ಎಂಬ ಹೆಸರು ಒಂದೇ ಇದ್ದರೂ ಎರಡು ಕಂಪೈಲರ್‌ಗಳು ಅದರಲ್ಲಿ ಮಾಡುವ ಕೆಲಸ ಬೇರೆ. ಹೋಲಿಸುವವರು ಇದನ್ನು ಮೊದಲು ನೋಡಬೇಕು.

ಆದರೆ ನಿಜವಾದ ಪ್ರೋಗ್ರಾಂನಲ್ಲಿ ಹಾಕಿದಾಗ ಓ3ನಲ್ಲೂ ಎರಡೂ ನಿಧಾನ! ಅಲ್ಲಿ ಎಣಿಕೆ ಒಂದು ಸ್ಟ್ರಕ್ಟ್‌ನೊಳಗೆ, ಅಂದರೆ ಹಲವು ಮೌಲ್ಯಗಳನ್ನು ಒಟ್ಟಿಗಿಡುವ ಕಟ್ಟಿನೊಳಗೆ ಇತ್ತು, ಲೂಪ್ ನೇರವಾಗಿ ಅದಕ್ಕೇ ಕೂಡಿಸುತ್ತಿತ್ತು. ಪಿಕ್ಸೆಲ್‌ಗಳು ಅನ್‌ಸೈನ್ಡ್ ಚಾರ್, ಅಂದರೆ ಒಂದೊಂದು ಬೈಟ್‌ನ ಸಂಖ್ಯೆಗಳು. ಪಾಯಿಂಟರ್ ಎಂದರೆ ಮೆಮೊರಿಯ ವಿಳಾಸ. ಸಿ ಭಾಷೆಯ ನಿಯಮದಲ್ಲಿ ಚಾರ್ ಪಾಯಿಂಟರ್ ಯಾವ ಜಾಗವನ್ನಾದರೂ ತೋರಿಸಬಹುದು, ನಮ್ಮ ಎಣಿಕೆ ಇರುವ ಜಾಗವನ್ನೂ. ಎಣಿಕೆ ಬದಲಾದರೆ ಮುಂದಿನ ಪಿಕ್ಸೆಲ್ಲೇ ಬದಲಾಗಬಹುದು ಎಂದು ಕಂಪೈಲರ್ ಎಣಿಸಲೇಬೇಕು. ಅದಕ್ಕೇ ಪ್ರತಿ ಸಲ ಮೆಮೊರಿಗೆ ಬರೆಯುತ್ತಿದ್ದವು, ಎರಡೂ. ಎಣಿಕೆಯನ್ನು ಆ ಫಂಕ್ಷನ್‌ನೊಳಗಷ್ಟೇ ಇರುವ ಲೋಕಲ್ ವೇರಿಯಬಲ್‌ನಲ್ಲಿ ಇಟ್ಟು, ಲೂಪ್ ಮುಗಿದ ಮೇಲೆ ಒಂದೇ ಸಲ ಸ್ಟ್ರಕ್ಟ್‌ಗೆ ಬರೆದೆ. ಎರಡೂ ಕೂಡಲೇ ವೆಕ್ಟರ್ ಕೋಡ್ ಕೊಟ್ಟವು. ಕಂಪೈಲರ್ ಬದಲಾಯಿಸಿದ್ದರೆ ಇಷ್ಟು ಸಿಗುತ್ತಿರಲಿಲ್ಲ.

ನನಗೆ ಅತಿ ಖುಷಿ ಕೊಟ್ಟಿದ್ದು ಇದರ ಮುಂದಿನದು. ಎಣಿಕೆ 32 ಬಿಟ್, ಪಿಕ್ಸೆಲ್ 8 ಬಿಟ್. ಅದಕ್ಕೆ ಎರಡೂ ಕಂಪೈಲರ್‌ಗಳು ಪಿಕ್ಸೆಲ್‌ಗಳನ್ನು 8ರಿಂದ 32 ಬಿಟ್‌ಗೆ ಅಗಲ ಮಾಡುವುದರಲ್ಲೇ ಅರ್ಧ ಸೂಚನೆ ಖರ್ಚು ಮಾಡುತ್ತಿದ್ದವು. ಜಿಸಿಸಿ 16 ಪಿಕ್ಸೆಲ್ ಒಟ್ಟಿಗೆ ಎತ್ತಿ ಆಮೇಲೆ ಬಿಡಿಸುತ್ತಿತ್ತು, ಕ್ಲ್ಯಾಂಗ್ ನಾಲ್ಕು ನಾಲ್ಕಾಗಿ ಎತ್ತುತ್ತಿತ್ತು. ಒಂದು ಬೈಟ್‌ನಲ್ಲಿ 255ರವರೆಗೆ ಎಣಿಸಬಹುದಲ್ಲ? ಸಾಲನ್ನು 240 ಪಿಕ್ಸೆಲ್‌ನ ತುಂಡು ಮಾಡಿದೆ, 240 ಎಂದರೆ 16ರ 15 ಪಟ್ಟು. ತುಂಡಿನೊಳಗೆ ಬೈಟ್‌ನಲ್ಲೇ ಎಣಿಕೆ, ತುಂಡು ಮುಗಿದಾಗ ದೊಡ್ಡ ಎಣಿಕೆಗೆ ಸೇರಿಸುವುದು. ಈಗ ಒಳಗಿನ ಲೂಪ್ ನೋಡಲು ಚೆಂದ: 16 ಪಿಕ್ಸೆಲ್ ಎತ್ತು, ಹೋಲಿಸು, ಕಳೆ. ಹೌದು, ಕಳೆಯುವುದೇ. ಹೋಲಿಕೆ ನಿಜವಾದರೆ ಬೈಟ್‌ನ ಎಲ್ಲ ಬಿಟ್ 1 ಆಗುತ್ತದೆ, ಅಂದರೆ −1. ಅದನ್ನು ಕಳೆದರೆ ಎಣಿಕೆ ಒಂದು ಏರುತ್ತದೆ. ಈ 240ರ ಯೋಚನೆ ಯಾವ ಕಂಪೈಲರ್‌ಗೂ ತಾನಾಗಿ ಹೊಳೆಯಲಿಲ್ಲ, ಆದರೆ ಹೇಳಿಕೊಟ್ಟ ಮೇಲೆ ಎರಡೂ ಅಚ್ಚುಕಟ್ಟಾಗಿ ಮಾಡಿದವು.

ಸರಾಸರಿ ಹೊಳಪಿನ ಲೆಕ್ಕ ಫ್ಲೋಟ್‌ನಲ್ಲಿ, ಅಂದರೆ ದಶಮಾಂಶ ಸಂಖ್ಯೆಯಲ್ಲಿತ್ತು. ಅಲ್ಲಿ ಎರಡೂ ಓ3ನಲ್ಲೂ ಒಂದೊಂದೇ ಕೂಡಿಸಿದವು. ಫ್ಲೋಟ್‌ನಲ್ಲಿ ಕೂಡುವ ಕ್ರಮ ಬದಲಾದರೆ ಉತ್ತರವೂ ಚೂರು ಬದಲಾಗಬಹುದು, ಅದಕ್ಕೆ ಅವು ನಮ್ಮನ್ನು ಕೇಳದೆ ಕ್ರಮ ಮುಟ್ಟುವುದಿಲ್ಲ. ಕ್ರಮ ಬದಲಾಯಿಸಲು ಒಪ್ಪಿಗೆ ಕೊಡುವ ಫಾಸ್ಟ್‌ಮ್ಯಾತ್ ಆಯ್ಕೆ ಹಾಕಲು ನನಗೆ ಮನಸ್ಸಿರಲಿಲ್ಲ. ರೈತನ ಲೋಡಿಗೆ ದರ ಹೇಳುವ ಅಂಕಿ ಯಾವ ಕಂಪೈಲರ್‌ನಲ್ಲೂ ಒಂದೇ ಇರಬೇಕು. ಪೂರ್ಣಾಂಕದಲ್ಲಿ ಕೂಡಿ ಕೊನೆಗೆ ಒಂದೇ ಸಲ ಭಾಗಿಸಿದೆ.

ನೀವೂ ಹೋಲಿಸುವುದಾದರೆ ಲೂಪ್‌ನ ಫಲವನ್ನು ಪ್ರಿಂಟ್ ಮಾಡಿ, ಇಲ್ಲದಿದ್ದರೆ ಎರಡೂ ಇಡೀ ಲೂಪನ್ನೇ ಕಿತ್ತುಹಾಕಿ ಸೊನ್ನೆ ಸೆಕೆಂಡ್ ತೋರಿಸಬಹುದು. ಸಣ್ಣ ತುಣುಕು ನೋಡಲು ಮ್ಯಾಟ್ ಗಾಡ್‌ಬೋಲ್ಟ್ 2012ರಲ್ಲಿ ಶುರು ಮಾಡಿದ, ಕೋಡ್ ಹಾಕಿದರೆ ಅಸೆಂಬ್ಲಿ ತೋರಿಸುವ ಕಂಪೈಲರ್ ಎಕ್ಸ್‌ಪ್ಲೋರರ್ ಎಂಬ ವೆಬ್‌ಸೈಟ್ ಸಾಕು. ವೆಕ್ಟರ್ ಆಗದಿದ್ದರೆ ಯಾಕೆ ಎಂದು ಕೇಳುವ ಆಯ್ಕೆ ಎರಡರಲ್ಲೂ ಇದೆ. ನಮ್ಮ ಯಂತ್ರ ಈಗಲೂ ಜಿಸಿಸಿಯಲ್ಲೇ ಓಡುತ್ತಿದೆ, ಓ3ನಲ್ಲಿ. ಕ್ಲ್ಯಾಂಗ್ ಬಿಲ್ಡನ್ನೂ ಪಕ್ಕದಲ್ಲಿ ಇಟ್ಟುಕೊಂಡಿದ್ದೇವೆ, ಇವುಗಳಲ್ಲಿ ಒಂದು ಹಿಂದೆ ಬಿದ್ದ ದಿನ ಅಸೆಂಬ್ಲಿ ತೆರೆಯುತ್ತೇವೆ.